ಸತ್ಯಾಂಶ: ಬೀಗದ ಗುರುತಿದ್ದರೆ ಸೈಟ್ ಹ್ಯಾಕ್ ಆಗಲ್ವಾ?

'ವಿಳಾಸದ ಪಕ್ಕ ಬೀಗದ ಗುರುತಿದ್ದರೆ ಆ ವೆಬ್‌ಸೈಟ್ ಹ್ಯಾಕ್ ಆಗುವುದೇ ಇಲ್ಲ' ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ತಪ್ಪು. ನಿಮ್ಮ ಫೋನಿನಿಂದ ಸರ್ವರ್‌ವರೆಗಿನ ದಾರಿಯಲ್ಲಿ ಯಾರೂ ಕದ್ದು ಓದದಂತೆ ಬೀಗ ಕಾಯುತ್ತದೆ, ಅಷ್ಟೇ. ಆದರೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ಹ್ಯಾಕಿಂಗ್ ನಡೆಯುವುದು ಸರ್ವರ್ ಒಳಗೆ. ಲಾಗಿನ್ ಪುಟದಲ್ಲಿ ಹೆಸರು ಬರೆಯುವ ಕಡೆ, ಸೈಟಿನ ಮಾಹಿತಿ ಇರುವ ಡೇಟಾಬೇಸ್‌ಗೆ ಆದೇಶ ತುರುಕಿ ಕಳಿಸುತ್ತಾರೆ. ಸೈಟಿನ ಸಾಫ್ಟ್‌ವೇರ್‌ನಲ್ಲಿ ದೋಷವಿದ್ದರೆ ಡೇಟಾಬೇಸ್ ಅದನ್ನು ಹೆಸರು ಅಂದುಕೊಳ್ಳದೆ ಪಾಲಿಸಿಬಿಡುತ್ತದೆ. ಬೀಗ ಆ ಆದೇಶವನ್ನೂ ಜೋಪಾನವಾಗಿಯೇ ತಲುಪಿಸುತ್ತದೆ!

2014ರ ಅಕ್ಟೋಬರ್ 15ರಂದು ವೆಬ್‌ಸೈಟ್ ಕಟ್ಟಲು ಬಳಸುವ ಡ್ರೂಪಲ್ 7 ಎಂಬ ಸಾಫ್ಟ್‌ವೇರ್‌ನಲ್ಲಿ ಇಂಥದ್ದೇ ದೋಷ ಬಯಲಾಯಿತು. ತಮಾಷೆ ಅಂದ್ರೆ, ಅದು ಇದ್ದದ್ದು ಇಂಜೆಕ್ಷನ್ ತಡೆಯಲೆಂದೇ ಬರೆದ ಭಾಗದಲ್ಲಿ. 7.32 ಆವೃತ್ತಿಯಲ್ಲಿ ಸರಿಪಡಿಸಿದರು. ಆದರೆ ದೋಷ ಬಯಲಾದ 7 ತಾಸಿನೊಳಗೆ ಅಪ್‌ಡೇಟ್ ಮಾಡದ ಸೈಟ್‌ಗಳು ಹ್ಯಾಕ್ ಆಗಿವೆ ಎಂದೇ ತಿಳಿಯಿರಿ ಎಂದು ಡ್ರೂಪಲ್ ತಂಡವೇ ಎರಡು ವಾರದ ನಂತರ ಹೇಳಿತು. ಆಮೇಲೆ ಅಪ್‌ಡೇಟ್ ಹಾಕಿದರೂ, ಕಳ್ಳರು ಅಷ್ಟರಲ್ಲಿ ಮಾಡಿಟ್ಟ ಹಿಂಬಾಗಿಲು ಮುಚ್ಚುವುದಿಲ್ಲ.