ಪಹಣಿಯ ಲಂಚ ಎಲ್ಲಿಗೆ ಹೋಯಿತು?

ಭ್ರಷ್ಟಾಚಾರ ಅಂದಕೂಡಲೇ "ಜನರೇ ಕೆಟ್ಟಿದ್ದಾರೆ" ಅನ್ನುವವರು ನಮ್ಮ ಕಂದಾಯ ಇಲಾಖೆಯನ್ನು ಒಮ್ಮೆ ನೋಡಬೇಕು. ದುರಾಸೆ ಅಂದೂ ಇತ್ತು, ಇಂದೂ ಇದೆ. ಬದಲಾಗಿದ್ದು ಅದು ಕೂರುವ ಮೇಜು.

ಶಾನುಭೋಗಿಕೆ ವಂಶಪಾರಂಪರ್ಯವಾಗಿದ್ದಾಗ ಊರಿನ ಲೆಕ್ಕ ಒಂದು ಮನೆಯಲ್ಲಿತ್ತು; ಮುಲಾಜೇ ಅಲ್ಲಿನ ನಾಣ್ಯ. 1963ರಲ್ಲಿ ಆ ಪದ್ಧತಿ ರದ್ದಾಗಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು, ಆದರೆ ಪುಸ್ತಕ ಒಬ್ಬರ ಕೈಯಲ್ಲೇ ಉಳಿಯಿತು. ಬೆಳೆಸಾಲಕ್ಕೆ ಬ್ಯಾಂಕು ಪಹಣಿ, ಅಂದರೆ ಜಮೀನು ಯಾರದು, ಬೆಳೆ ಏನು ಎಂಬ ದಾಖಲೆ, ಕೇಳುತ್ತದೆ, ಮಳೆ ಕಾಯುವುದಿಲ್ಲ. ರೈತನ ಆ ಅವಸರಕ್ಕೆ ಬೆಲೆ ಕಟ್ಟಲಾಯಿತು.

ಮುಂದೆ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಬಂದು, 15 ರೂಪಾಯಿಗೆ ತಾಲೂಕು ಕಚೇರಿಯಲ್ಲೇ ಸಿಗತೊಡಗಿತು. ಬರೀ ಪ್ರತಿಗಾಗಿ ಕೈ ಬಿಸಿ ಮಾಡುವುದು ಬಹುಮಟ್ಟಿಗೆ ತಪ್ಪಿತು. ಖಾತೆ ಬದಲಾವಣೆಗೂ ಮೊದಲು ಬಂದ ಅರ್ಜಿ ಮೊದಲು ಎಂಬ ಸರತಿ ಬಂತು. ಆದರೆ ಯಾರಾದರೂ ಒಂದು ತಕರಾರು ಅರ್ಜಿ ಕೊಟ್ಟರೆ ಕಡತ ಸರತಿಯಿಂದ ಹೊರಗೆ!

ಅಷ್ಟರಲ್ಲಿ ನಗರದ ಸುತ್ತಲಿನ ಜಮೀನು ಚಿನ್ನವಾಯಿತು. ವಹಿವಾಟು ಸರ್ವೆ ಕಡೆಗೆ, 11ಇ ನಕ್ಷೆ (ಜಮೀನಿನ ಒಂದು ಭಾಗ ಮಾರುವ ಮುನ್ನ ಬೇಕಾದ ಅಳತೆ ನಕ್ಷೆ), ಪೋಡಿ (ಸರ್ವೆ ನಂಬರಿನ ವಿಭಜನೆ) ಕಡೆಗೆ ಸರಿಯಿತು. "ಟಿಪ್ಪಣಿ (ಮೂಲ ಅಳತೆಯ ದಾಖಲೆ) ಸಿಗ್ತಿಲ್ಲ", "ಆಕಾರಬಂದಿಗೂ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ಪಹಣಿಗೂ ತಾಳೆ ಇಲ್ಲ" ಎಂಬ ಉತ್ತರ ಎಷ್ಟೋ ಸಲ ನಿಜವೇ. ಯಾವಾಗ ನಿಜ, ಯಾವಾಗ ನೆಪ ಅನ್ನುವುದು ಅರ್ಜಿದಾರನಿಗೆ ಗೊತ್ತಾಗುವುದಿಲ್ಲ. ಲಂಚ ಹುಟ್ಟುವುದು ಅಲ್ಲೇ.

ಕೊಡುವವನೂ ಬದಲಾಗಿದ್ದಾನೆ. ಅಂದು ತನ್ನದನ್ನೇ ಪಡೆಯಲು ರೈತ ಕೊಡುತ್ತಿದ್ದ. ಇಂದು ಮುಂಗಡ ಕೊಟ್ಟ ಖರೀದಿದಾರ ಬೇಗ ಆಗಲೆಂದೋ, ದಾಖಲೆಯ ಹುಳುಕು ಮುಚ್ಚಲೆಂದೋ ಕೊಡುತ್ತಾನೆ. ಇಬ್ಬರಿಗೂ ಲಾಭವಿದ್ದಲ್ಲಿ ದೂರು ಕೊಡುವವರಾರು? ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯಿಂದ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು.

ಸರ್ಕಾರಿ ಸೇವೆ ಗೊತ್ತಾದ ಅವಧಿಯೊಳಗೆ ಸಿಗಬೇಕೆನ್ನುವ ಸಕಾಲ ಕಾಯ್ದೆಯಲ್ಲಿ ಅರ್ಜಿದಾರನಿಗೆ ಪರಿಹಾರ ತಡವಾದ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಎಕರೆಗೆ ಕೋಟಿ ಬೆಲೆಯಿರುವ ಕಡೆ ಇದಕ್ಕೆ ಹೆದರುವವರಾರು? ಅವಧಿ ಮುಗಿಯುವ ಮುನ್ನ "ದಾಖಲೆ ಅಪೂರ್ಣ" ಎಂದು ಅರ್ಜಿ ತಿರಸ್ಕರಿಸಿದರಾಯಿತು, ಲೆಕ್ಕದಲ್ಲಿ ವಿಳಂಬವೇ ಇಲ್ಲ.

ಹಾಗಾಗಿ ಕಚೇರಿಯವರ ಬಾಯಿಮಾತಿನ ತಕರಾರು ಒಪ್ಪಬೇಡಿ. ಯಾವ ದಾಖಲೆ ಇಲ್ಲ, ಯಾವ ನಿಯಮದಡಿ ಬೇಕು ಎಂದು ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ. ಮೇಲ್ಮನವಿಗೆ ಅದೇ ಆಧಾರ. ಕ್ರಯದ ಕರಾರಿಗೆ ಮೊದಲೇ ಟಿಪ್ಪಣಿ, ಆಕಾರಬಂದಿನ ದೃಢೀಕೃತ ಪ್ರತಿ ತೆಗೆಸಿ, ಪಹಣಿಯ ವಿಸ್ತೀರ್ಣದೊಂದಿಗೆ ಗುಂಟೆ ಗುಂಟೆಯಾಗಿ ತಾಳೆ ನೋಡಿ. ವ್ಯತ್ಯಾಸ ಕಂಡರೆ ಮೊದಲು ತಿದ್ದುಪಡಿ, ಮುಂಗಡ ಆಮೇಲೆ.