ಚಪ್ಪಲಿ ಮೆಟ್ಟಿಕೊಂಡು ಹೋಗುವಷ್ಟು ದೂರ

ಹೊಸ ಏರಿಯಾಕ್ಕೆ ಮನೆ ಬದಲಾಯಿಸಿದ ದಿನ ರಾತ್ರಿ ಎಂಟೂವರೆ. ಒಲೆ ಯಾವ ಡಬ್ಬದಲ್ಲಿದೆಯೋ ಗೊತ್ತಿಲ್ಲ. ಲೈಟರ್ ಇನ್ಯಾವುದರಲ್ಲೋ. ಹೊಟ್ಟೆ ಮಾತ್ರ ಇದ್ದ ಜಾಗದಲ್ಲೇ ಇದೆ.

ಮೊಬೈಲ್ ತೆಗೆದು ನೋಡಿದೆ. ಒಂದು ಕಿಲೋಮೀಟರಿನೊಳಗೆ ಮೂವತ್ತು ಹೋಟೆಲುಗಳು. ಒಂದಕ್ಕೆ 4.1 ನಕ್ಷತ್ರ, ಇನ್ನೊಂದಕ್ಕೆ 4.2, ಮತ್ತೊಂದಕ್ಕೆ 4.3. ಎಲ್ಲ ಮಕ್ಕಳೂ ಫಸ್ಟ್ ಕ್ಲಾಸ್ ಬಂದಿರುವ ಶಾಲೆಯ ಹಾಗೆ. ಇದರಲ್ಲಿ ಜಾಣ ಯಾರು, ನಕಲು ಮಾಡಿದವನು ಯಾರು? ಇರಲಿ ಅಂತ 4.3ಕ್ಕೇ ಹೋದೆ. ಮುಖ್ಯರಸ್ತೆ, ದೊಡ್ಡ ಬೋರ್ಡು, ಬಾಗಿಲು ತೆಗೆಯಲು ಒಬ್ಬ ಮನುಷ್ಯ, ಹದಿನಾರು ಪುಟದ ಮೆನು. ಊಟ ಕೆಟ್ಟದಾಗಿತ್ತು ಅಂತ ಹೇಳಲಾರೆ. ಏನು ತಿಂದೆ ಅನ್ನುವುದೇ ನೆನಪಿಲ್ಲ. ಬಿಲ್ ಮಾತ್ರ ಚೆನ್ನಾಗಿ ನೆನಪಿದೆ.

ಈ ನಕ್ಷತ್ರದ ಕಥೆ ಮಜವಾಗಿದೆ. ಹೋಟೆಲಿಗೆ ನಕ್ಷತ್ರ ಕೊಟ್ಟು ಹೆಸರಾದವರು ಟೈರ್ ಮಾರುವವರು! ಫ್ರಾನ್ಸಿನ ಮಿಶೆಲಿನ್ ಅಣ್ಣತಮ್ಮಂದಿರು 1900ರಲ್ಲಿ ಕಾರಿರುವವರಿಗೆಂದು ಒಂದು ಪುಟ್ಟ ಕೈಪಿಡಿಯನ್ನು ಪುಕ್ಕಟೆಯಾಗಿ ಹಂಚಿದರು. ಆಗ ಇಡೀ ಫ್ರಾನ್ಸಿನಲ್ಲಿದ್ದ ಕಾರುಗಳು ಮೂರು ಸಾವಿರವೂ ಇರಲಿಲ್ಲವಂತೆ. ಇವರು ಅಚ್ಚು ಹಾಕಿಸಿದ್ದು ಸುಮಾರು 35,000 ಪ್ರತಿ. ಟೈರ್ ಬದಲಿಸುವುದು ಹೇಗೆ, ಪೆಟ್ರೋಲ್ ಎಲ್ಲಿ ಸಿಗುತ್ತದೆ, ರಾತ್ರಿ ಎಲ್ಲಿ ತಂಗಬಹುದು, ಎಲ್ಲ ಅದರಲ್ಲಿತ್ತು. ಜನ ದೂರ ದೂರ ಓಡಾಡಿದಷ್ಟೂ ಟೈರ್ ಸವೆಯುತ್ತದೆ ಅಲ್ವಾ? ಒಂದು ದಿನ ಯಾವುದೋ ಟೈರ್ ಅಂಗಡಿಯಲ್ಲಿ ಕೆಲಸದ ಮೇಜು ಅಲ್ಲಾಡದಿರಲಿ ಅಂತ ಇದೇ ಕೈಪಿಡಿಗಳನ್ನು ಕೆಳಗೆ ಕೊಟ್ಟಿದ್ದನ್ನು ಅವರಲ್ಲೊಬ್ಬರು ಕಂಡರಂತೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಅಂತ 1920ರಿಂದ ದುಡ್ಡಿಗೆ ಮಾರಿದರು. ನಕ್ಷತ್ರ ಬಂದದ್ದು 1926ರಲ್ಲಿ. ಮೊದಲು ಒಂದೇ, ಕೆಲವು ವರ್ಷದಲ್ಲಿ ಮೂರರವರೆಗೆ. ಎರಡು ನಕ್ಷತ್ರ ಅಂದರೆ ದಾರಿ ಬಿಟ್ಟು ಸುತ್ತು ಹಾಕಿ ಹೋದರೂ ನಷ್ಟವಿಲ್ಲ. ಮೂರು ಅಂದರೆ ಅಲ್ಲಿ ಉಣ್ಣುವುದಕ್ಕೆಂದೇ ಪ್ರಯಾಣ ಹೊರಡಬಹುದು. ಅದಕ್ಕಿಂತ ಮೇಲೆ ಇಲ್ಲ.

ನಮ್ಮಂಥವರ ಜೇಬಿನ ಮೇಲೆ ಅವರಿಗೆ ಕರುಣೆ ಬಂದದ್ದು ಆಮೇಲೆ. 1997ರಲ್ಲಿ ಕಡಿಮೆ ಖರ್ಚಿನ ಒಳ್ಳೆಯ ಊಟಕ್ಕೆ ಹೊಸದೊಂದು ಗುರುತು ತಂದರು. ಟೈರ್ ಕಂಪನಿಯ ಲಾಂಛನದ ಗುಂಡಣ್ಣ ತುಟಿ ಸವರಿಕೊಳ್ಳುವ ಚಿತ್ರ. ಒಳ್ಳೆಯದೇ. ಆದರೆ ನನಗೆ ಬೇಕಾದ ಗುರುತು ಇದೂ ಅಲ್ಲ. ಮನೆ ಚಪ್ಪಲಿ ಮೆಟ್ಟಿಕೊಂಡು, ತಲೆ ಬಾಚದೆ, ಯಾರಿಗೂ ಹೇಳದೆ ಹೋಗಿ ಉಂಡು ಬರಬಹುದಾದ ಜಾಗಕ್ಕೆ ಯಾವ ಗುರುತೂ ಇಲ್ಲ. ಅದಕ್ಕೆ ಟೈರ್ ಸವೆಯುವುದೇ ಇಲ್ಲವಲ್ಲ.

ಗಣಿತ ಗೊತ್ತಿರುವ ಗೆಳೆಯನೊಬ್ಬ ದಾರಿ ತೋರಿಸಿದ. ಆಯ್ಕೆ ಮಾಡುವವರಿಗೆ 37 ಪರ್ಸೆಂಟ್ ಅಂತ ಒಂದು ಲೆಕ್ಕವಿದೆಯಂತೆ. ಮೊದಲ 37 ಪರ್ಸೆಂಟನ್ನು ಸುಮ್ನೆ ನೋಡಿ ಬಿಡಬೇಕು, ಆಮೇಲೆ ಅವೆಲ್ಲಕ್ಕಿಂತ ಚೆನ್ನಾಗಿರುವುದು ಸಿಕ್ಕಿದ ತಕ್ಷಣ ಹಿಡಿದುಕೊಳ್ಳಬೇಕು. ಮೂವತ್ತು ಹೋಟೆಲು ಅಂದರೆ ಹನ್ನೊಂದು ಕಡೆ ಉಂಡು ಬಿಡಬೇಕು. ಐದನೆಯದಕ್ಕೇ ಹೊಟ್ಟೆ ಮುಷ್ಕರ ಹೂಡಿತು. ಅಷ್ಟರಲ್ಲಿ ಗೆಳೆಯನ ಫೋನ್ ಬಂತು. ಒಮ್ಮೆ ಬಿಟ್ಟದ್ದಕ್ಕೆ ತಿರುಗಿ ಹೋಗಲು ಆಗದಿದ್ದಾಗ ಮಾತ್ರ ಆ ಲೆಕ್ಕವಂತೆ. ಹೋಟೆಲಿಗೆ ನಾಳೆಯೂ ಹೋಗಬಹುದು, ಹಾಗಾಗಿ ನಿನಗೆ ಅದು ಬೇಕಾಗಿಲ್ಲ ಅಂದ. ಮೊದಲೇ ಹೇಳಬಾರದಾ?

ಆದರೆ ಆ ಮಾತು ತಲೆಯಲ್ಲಿ ಉಳಿಯಿತು. ನಾಳೆಯೂ ಹೋಗಬಹುದು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ನನ್ನ ಮುಖ ಮತ್ತೆ ನೋಡಬೇಕೆಂಬ ಹಂಗಿಲ್ಲ. ನಾನು ಬೈದುಕೊಂಡು ಹೋದರೆ ಮುಂದಿನ ಬಸ್ಸಿನಲ್ಲಿ ಇನ್ನೊಬ್ಬ ಇಳಿಯುತ್ತಾನೆ. ಒಳಗಿನ ಬೀದಿಯ ಹೋಟೆಲು ಬದುಕುವುದೇ ಅದೇ ಐವತ್ತು ಅರವತ್ತು ಮುಖಗಳ ಮೇಲೆ. ಇವತ್ತು ಹಳಸಿದ್ದು ಬಡಿಸಿದರೆ ನಾಳೆ ಬೆಳಿಗ್ಗೆ ಅವರೇ ಬಂದು ಕೇಳುತ್ತಾರೆ. ಬಾಡಿಗೆಯೂ ಹಾಗೇ. ಅಡುಗೆ ಸಾಮಾನಿನ ಖರ್ಚು ಬಿಲ್ಲಿನ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು ಅನ್ನುವುದು ಹೋಟೆಲ್ ನಡೆಸುವವರ ಹಳೇ ಲೆಕ್ಕ. ಮಿಕ್ಕಿದ್ದು ಸಂಬಳ, ಗ್ಯಾಸು, ಕರೆಂಟು, ಬಾಡಿಗೆ, ಕೊನೆಗೆ ಏನಾದರೂ ಉಳಿದರೆ ಲಾಭ. ಮುಖ್ಯರಸ್ತೆಯಲ್ಲಿ ಕೂತರೆ ಆ ರಸ್ತೆಯ ಬಾಡಿಗೆಯಲ್ಲಿ ನಮ್ಮ ಪಾಲನ್ನೂ ತಟ್ಟೆಯಲ್ಲೇ ಬಡಿಸುತ್ತಾರೆ. ಎರಡು ತಿರುವು ಒಳಗೆ ಹೋದರೆ ಅಷ್ಟು ಉಳಿಯುತ್ತದೆ.

ಹಾಗಾಗಿ ಫೋನ್ ಜೇಬಿಗಿಟ್ಟು ಒಳಗಿನ ಬೀದಿಗಳಲ್ಲಿ ಸುತ್ತತೊಡಗಿದೆ. ಬೋರ್ಡು ನೋಡುವುದು ಬಿಟ್ಟು ಒಳಗೆ ಕೂತವರನ್ನು ನೋಡಿದೆ. ಒಬ್ಬೊಬ್ಬರೇ ಕೂತು ಉಣ್ಣುತ್ತಿದ್ದಾರಾ? ಮೆನು ತೆರೆಯದೆ ಹೇಳುತ್ತಿದ್ದಾರಾ? ತಟ್ಟೆಯ ಫೋಟೋ ಯಾರೂ ತೆಗೆಯುತ್ತಿಲ್ಲವಾ? ಹಾಗಾದರೆ ಅದು ಅವರಿಗೆ ದಿನದ ಊಟ. ಡ್ರೈವರುಗಳನ್ನು ಕೇಳಿ ಅನ್ನುತ್ತಾರೆ. ಕೇಳಿದೆ. ಅವರು ಹೇಳಿದ ಜಾಗದಲ್ಲಿ ಪಾರ್ಕಿಂಗ್ ಅದ್ಭುತವಾಗಿತ್ತು. ಶುಚಿಯ ವಿಷಯಕ್ಕೆ ನಾನು ನೋಡುವುದು ಕೈ ತೊಳೆಯುವ ಜಾಗ. ನ್ಯೂಯಾರ್ಕ್ ನಗರದಲ್ಲಿ 2010ರಿಂದ ಪ್ರತಿ ಹೋಟೆಲೂ ತನ್ನ ಶುಚಿತ್ವದ ಗ್ರೇಡನ್ನು ಬಾಗಿಲ ಹತ್ತಿರ ಕಾಣುವಂತೆ ಅಂಟಿಸಬೇಕು. ನಮ್ಮ ಕಡೆ ಆ ಕೆಲಸವನ್ನು ನಲ್ಲಿಯೇ ಮಾಡುತ್ತದೆ.

ಕೊನೆಗೆ ಒಂದು ಸಿಕ್ಕಿತು. ಆರೇ ಮೇಜು. ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕೇ ಸಾಲು, ಅದರಲ್ಲಿ ಒಂದನ್ನು ಆಗಲೇ ಒರೆಸಿದ್ದರು. ಖಾಲಿಯಾಗಿತ್ತು. ಹದಿನಾರು ಪುಟದ ಮೆನುವಿನಲ್ಲಿ ಯಾವುದೂ ಖಾಲಿಯಾಗುವುದಿಲ್ಲ, ಗಮನಿಸಿದ್ದೀರಾ? ಎಲ್ಲ ಫ್ರಿಜ್ಜಿನಲ್ಲಿ ಕಾಯುತ್ತಿರುತ್ತವೆ. ಬಾಗಿಲ ಪಕ್ಕದ ಮೇಜಿಗೆ ಕೂತೆ. ಅದು ಅಲ್ಲಾಡುತ್ತಿತ್ತು. ಒಂದು ಕಾಲಿನ ಕೆಳಗೆ ರಟ್ಟನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟಿದ್ದರು, ಆದರೂ ಲೋಟದ ನೀರು ತುಳುಕಿತು. ಊಟ ಪರವಾಗಿಲ್ಲ ಅನ್ನಿಸಿತು. ಅಷ್ಟರಲ್ಲಿ ಒಬ್ಬ ಅಜ್ಜ ಬಂದರು. ಅವರು ಬಾಯಿ ತೆರೆಯುವ ಮೊದಲೇ ಗಲ್ಲಾದಲ್ಲಿದ್ದವರು ಒಳಗೆ ಕೂಗಿದರು: "ಅಜ್ಜಂದು ಒಂದು, ಖಾರ ಕಮ್ಮಿ!" ನನಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು.

ಎರಡನೇ ಸಲ ಹೋದೆ. ಅದೇ ಮೇಜು. ಊಟ ಮೊದಲಿಗಿಂತ ಚೆನ್ನಾಗಿತ್ತು, ಅಥವಾ ನನ್ನ ನಾಲಿಗೆ ಹೊಂದಿಕೊಂಡಿತ್ತು. ನಾಲ್ಕನೇ ಸಲ ಬಾಗಿಲ ಪಕ್ಕ ಕೂರಲು ಹೋದರೆ ಸಪ್ಲೈಯರ್ ಹುಡುಗ ತಡೆದ.

"ಅದು ಬೇಡ ಸಾರ್, ಅಲ್ಲಾಡುತ್ತೆ. ಇಲ್ಲಿ ಬನ್ನಿ."

ಓಹೋ! ಆ ಮೇಜು ಹೊಸಬರಿಗೆ. ಗೋಡೆ ಪಕ್ಕ ಕೂತು ಗಟ್ಟಿ ಮೇಜಿನ ಮೇಲೆ ಎರಡೂ ಮೊಣಕೈ ಊರಿ ಉಂಡೆ. ಊರಿದ್ದು ಸಭ್ಯತೆಯಲ್ಲ, ಆದರೂ ಊರಿದೆ. ಬಾಗಿಲ ಪಕ್ಕ ಇನ್ಯಾರೋ ಕೂತು, ಲೋಟ ಹಿಡಿದುಕೊಂಡು, ಫೋನಿನಲ್ಲಿ ಏನೋ ಹುಡುಕುತ್ತಿದ್ದರು.

ಆ ರಾತ್ರಿ ಮನೆಗೆ ಬಂದರೆ ನನ್ನ ಫೋನೂ ಟಿಣ್ ಅಂತು. ನೀವು ಹೋಗಿದ್ದ ಜಾಗ ಹೇಗಿತ್ತು, ನಕ್ಷತ್ರ ಕೊಡಿ ಅಂತ ಕೇಳುತ್ತಿತ್ತು. ಐದು ಒತ್ತಲು ಹೆಬ್ಬೆರಳು ಎತ್ತಿದೆ. ಹಾಗೇ ನಿಲ್ಲಿಸಿದೆ. ಐದು ಕೊಟ್ಟರೆ ನಾಳೆ ಜನ ಬರುತ್ತಾರೆ. ಆಮೇಲೆ ಸಾಲು ನಿಲ್ಲಬೇಕು. ಆಮೇಲೆ ಹಲಗೆ ಹೋಗಿ ಪ್ಲಾಸ್ಟಿಕ್ ಮೆನು ಬರುತ್ತದೆ. ನನ್ನ ಗೋಡೆ ಪಕ್ಕದ ಜಾಗದಲ್ಲಿ ಯಾರೋ ತಟ್ಟೆಯ ಫೋಟೋ ತೆಗೆಯುತ್ತಿರುತ್ತಾರೆ. ಒಂದು ಕೊಟ್ಟರೆ ಉಂಡ ಮನೆಗೆ ದ್ರೋಹ.

ಯೋಚಿಸಿ ಮೂರು ಒತ್ತಿದೆ. ಫೋನಿನ ಲೆಕ್ಕದಲ್ಲಿ ಮೂರು ನೋಡಿ ಯಾರೂ ಅತ್ತ ತಿರುಗುವುದಿಲ್ಲ. ಟೈರ್ ಕಂಪನಿಯ ಲೆಕ್ಕದಲ್ಲಿ ಅದಕ್ಕಿಂತ ಮೇಲೆ ಇಲ್ಲ.