ಅಂಗಿಗೆ ಹತ್ತಿದ ಹಾಯಿಯ ಕೆಂಪು

ಇಂಗ್ಲೆಂಡಿನ ಎಸೆಕ್ಸ್‌ನ ಮಾಲ್ಡನ್ ಧಕ್ಕೆಯಲ್ಲಿ ಹೋದ ಭಾನುವಾರ ಒಂದು ಹಾಯಿಗೆ ಒರಗಿ ನಿಂತೆ. ಅಂಗಿ ತೋಳೆಲ್ಲ ಕೆಂಪಾಯಿತು. "ಕೆಮ್ಮಣ್ಣು, ಮೀನೆಣ್ಣೆ. ಅದು ಪೂರ್ತಿ ಒಣಗೋದೇ ಇಲ್ಲ" ಅಂದರು ಹಗ್ಗ ಸುತ್ತುತ್ತಿದ್ದ ಅಜ್ಜಿ. ಮೂಸಿ ನೋಡಿದೆ. ನಮ್ಮ ಅಜ್ಜಯ್ಯನ ಮಂಜಿಯ, ಅಂದರೆ ಸಾಮಾನು ಸಾಗಿಸುವ ಹಾಯಿದೋಣಿಯ ವಾಸನೆ!

ಈ ಧಕ್ಕೆಯ ಹಾಯಿದೋಣಿಗಳು ಥೇಮ್ಸ್ ಬಾರ್ಜ್‌ಗಳು, ಸಾಮಾನು ಸಾಗಿಸಲು ಕಟ್ಟಿದವು. ತಳ ಚಪ್ಪಟೆ, ಇಳಿತದಲ್ಲಿ ಕೆಸರಿನ ಮೇಲೇ ಕೂತುಬಿಡುತ್ತವೆ. ಎರಡೂ ಬದಿಗೆ ರೆಕ್ಕೆಯಂಥ ಹಲಗೆ. ಅದನ್ನು ನೀರಿಗಿಳಿಸಿದರೆ ಗಾಳಿ ದೋಣಿಯನ್ನು ಅಷ್ಟಾಗಿ ಪಕ್ಕಕ್ಕೆ ತಳ್ಳುವುದಿಲ್ಲ. ಸೇತುವೆ ಬಂದರೆ ಹಾಯಿಕಂಬವನ್ನೇ ಮಲಗಿಸುತ್ತಾರೆ. ನೂರು ಟನ್ ಸಾಮಾನು ಹೊರುವ ದೋಣಿಗೆ ಒಬ್ಬ ದೊಡ್ಡವ, ಒಬ್ಬ ಹುಡುಗ ಸಾಕಿತ್ತು. ಲಂಡನ್ನಿನ ಕುದುರೆಗಳಿಗೆ ಒಣಹುಲ್ಲು ಒಯ್ದು, ವಾಪಸು ಬರುವಾಗ ಹೊಲಕ್ಕೆ ಲದ್ದಿ ತುಂಬಿಕೊಂಡು ಬರುತ್ತಿದ್ದರು. ಎಂಥ ಅಚ್ಚುಕಟ್ಟು ಲೆಕ್ಕ!

1900ರ ಹೊತ್ತಿಗೆ ಇಂಥವು 2000ಕ್ಕೂ ಜಾಸ್ತಿ ಇದ್ದವು. 1906ರಲ್ಲಿ ಕಟ್ಟಿದ 'ಕೇಂಬ್ರಿಯಾ' 1970ರ ತನಕ ಬರೀ ಗಾಳಿ ನಂಬಿ ಸಾಮಾನು ಸಾಗಿಸಿತು. ಆಮೇಲೆ ಅದೂ ಮೂಲೆ ಸೇರಿ ಹಾಳಾಯಿತು. ಆದರೆ ಬಿಡಲಿಲ್ಲ ಇಲ್ಲಿನವರು. ಫೇವರ್‌ಷಮ್‌ನಲ್ಲಿ ವರ್ಷಗಟ್ಟಲೆ ಕೂತು ರಿಪೇರಿ ಮಾಡಿ, 2011ರಲ್ಲಿ ಮತ್ತೆ ನೀರಿಗಿಳಿಸಿದರು.

ನಾವು? ಅಜ್ಜಯ್ಯ ಮಂಜಿಯಲ್ಲಿ ಬೊಂಬಾಯಿಗೆ ಹಂಚು ಒಯ್ಯುತ್ತಿದ್ದರು. ಹೊಳೆದಂಡೆಯಲ್ಲಿ ಕವುಚಿ ಬಿದ್ದಿದ್ದ ಅದೇ ಮಂಜಿಯನ್ನು ಕಡಿದು ಬಚ್ಚಲೊಲೆಗೆ ಹಾಕಿದರು. ಹೋದ ವರ್ಷ ಊರಲ್ಲಿ ಕೇಳಿದರೆ, "ಹಳೇ ಮರ ಮಾರಾಯ, ಗೆದ್ದಲು ಹಿಡ್ದಿತ್ತು" ಅಂದ ದೊಡ್ಡಪ್ಪನ ಮಗ. ಒಂದು ಫೋಟೋ ಕೂಡ ಉಳಿದಿಲ್ಲ. ಇಲ್ಲಿ ಆ ಅಜ್ಜಿ ಸಂಬಳವಿಲ್ಲದೆ, ಸುಮ್ನೆ ಪ್ರೀತಿಗೆ, ವಾರವಾರ ಬಂದು ಕೆಲಸ ಮಾಡುತ್ತಾರೆ. ನನ್ನ ಮಗಳ ಕೈಗೂ ಹಗ್ಗ ಕೊಟ್ಟು ಗಂಟು ಹಾಕಲು ಕಲಿಸಿದರು. ನನಗೆ ಹೊಟ್ಟೆಕಿಚ್ಚಾಯಿತು.

ಹಾಗಂತ ಇಲ್ಲೂ ಎಲ್ಲ ಉಳಿದಿಲ್ಲ, ಒಪ್ಪಬೇಕು. ಆ ಎರಡು ಸಾವಿರ ಬಾರ್ಜ್‌ಗಳಲ್ಲಿ ಈಗಲೂ ಹಾಯಿ ಬಿಚ್ಚುವುದು ಕೆಲವೇ ಡಜನ್. ಕೇಂಬ್ರಿಯಾಕ್ಕೆ, ಲಾಟರಿ ದುಡ್ಡಿನಲ್ಲಿ ಹಳೆಯದನ್ನು ಉಳಿಸಲು ಇಲ್ಲಿ ಇಟ್ಟಿರುವ ನಿಧಿಯಿಂದ ದೊಡ್ಡ ಮೊತ್ತ ಸಿಕ್ಕಿತ್ತು, ನಮ್ಮೂರಿಗೆ ಅದನ್ನು ಯಾರು ಕೊಡುತ್ತಾರೆ? ಈಗ ಹೊರಡುವ ಬಾರ್ಜ್‌ಗಳು ಹೊರುವುದೂ ಜಾಸ್ತಿ ಪ್ರವಾಸಿಗರನ್ನೇ. ನಮ್ಮ ಮಂಗಳೂರು ಬಂದರಿನ ಮಂಜಿಗಳು ಹಾಯಿ ಬಿಟ್ಟು ಎಂಜಿನ್ ಹಾಕಿಸಿಕೊಂಡರೂ, ಲಕ್ಷದ್ವೀಪಕ್ಕೆ ದಿನಸಿ, ತರಕಾರಿ, ಸಿಮೆಂಟು ಹೊತ್ತು ದುಡಿದವು. ಅದೂ ಒಂದು ಬಗೆಯ ಬದುಕೇ ಅಲ್ವಾ?

ಆದರೂ ಹಾಯಿಯ ಮಂಜಿ ಒಂದಾದರೂ ಬೇಕಿತ್ತು. ಅಜ್ಜಯ್ಯನ ಮಂಜಿಗೆ ಹಲಗೆ ಕೂರಿಸಿದ ಆಚಾರಿ ಇನ್ನೂ ಇದ್ದಾರೆ, ಕಣ್ಣು ಮಂಜಾಗಿದೆ. ಅಳತೆಯೆಲ್ಲ ಅವರ ತಲೆಯಲ್ಲೇ ಇದೆ. ಡಿಸೆಂಬರ್ ರಜೆಗೆ ಟಿಕೆಟ್ ಮಾಡಿಸಿದ್ದೇನೆ. ಈ ಸಲ ನೋಟ್‌ಬುಕ್ ಹಿಡಿದು ಮೊದಲು ಅವರ ಮನೆಗೇ ಹೋಗುತ್ತೇನೆ.